ಕುಕ್ಕರಿನ ವೆಯ್ಟ್ ಎಲ್ಲಿಂದ ಬಂತು?

1679ರಲ್ಲಿ ಫ್ರಾನ್ಸಿನ ವಿಜ್ಞಾನಿ ಡೆನಿಸ್ ಪಾಪಿನ್ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ತೋರಿಸಿದ್ದು ಮೂಳೆಯನ್ನೂ ಮೆತ್ತಗಾಗಿಸುವ ಪಾತ್ರೆ. ಬಿಗಿ ಮುಚ್ಚಳದೊಳಗೆ ಆವಿ ಕಟ್ಟಿಕೊಂಡರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಇಂದಿನ ಕುಕ್ಕರಿನಲ್ಲಿ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಬೇಳೆ ಬೇಗ ಬೇಯುವುದು ಅದಕ್ಕೇ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅವನು ಜೋಡಿಸಿದ ಸೇಫ್ಟಿ ವಾಲ್ವ್: ರಂಧ್ರಕ್ಕೊಂದು ಮುಚ್ಚಳ, ಅದನ್ನು ಒತ್ತಿಹಿಡಿಯುವ ಸನ್ನೆಕೋಲು, ಕೋಲಿಗೆ ತೂಗುಹಾಕಿದ ತೂಕ. ಒತ್ತಡ ಮಿತಿಮೀರಿದರೆ ಮುಚ್ಚಳ ತಾನೇ ಎದ್ದು ಆವಿ ಹೊರಬಿಡುತ್ತದೆ. ಮುಂದೆ ಉಗಿಯಂತ್ರದ ಬಾಯ್ಲರುಗಳೂ ಇದನ್ನೇ ನೆಚ್ಚಿದವು. ನಮ್ಮ ಕುಕ್ಕರಿನ ವೆಯ್ಟ್ ಎದ್ದು ಆವಿ ಬಿಡುವುದೂ ಹೀಗೆಯೇ.

ಆವಿ ಹೊರಹೋಗುವ ಈ ದಾರಿ ಮುಚ್ಚಿಹೋದರೆ ಅಪಾಯ. ಬೇಳೆಯ ನೊರೆ ಮೇಲೇರಿ ವೆಯ್ಟ್ ಕೂರುವ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬೇಳೆ, ನೀರು ಸೇರಿ ಅರ್ಧ ಕುಕ್ಕರ್ ಮೀರಬಾರದು. ಪ್ರತಿ ಸಲ ಮುಚ್ಚುವ ಮುನ್ನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ವಿಷಲ್ ಬಾರದೆ ಅಂಚಿನಲ್ಲಿ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಬಿರುಸಾಗಿರಬಹುದು, ಬದಲಿಸಿ.