ಕಸ್ಟರ್ಡ್ ಮೇಲೆ ಕೈಮ

ಈ ಸಲ ಥ್ಯಾಂಕ್ಸ್‌ಗಿವಿಂಗ್ (ನವೆಂಬರಿನ ಅಮೆರಿಕನ್ ಹಬ್ಬ) ಅಡುಗೆಗೆ ಪಟ್ಟಿ ಹಾಕಿದ್ದು ನಮ್ಮ ಮನೆಯ ಎಂಟನೇ ಕ್ಲಾಸಿನ ಹುಡುಗಿ. ಆಧಾರಗ್ರಂಥ 'ಫ್ರೆಂಡ್ಸ್'. 1994ರಲ್ಲಿ ಶುರುವಾಗಿ 2004ರಲ್ಲಿ ಮುಗಿದು, ಅವಳು ಹುಟ್ಟುವ ಹೊತ್ತಿಗಾಗಲೇ ಹಳೇ ಸರಕಾಗಿದ್ದ, ಆರು ಗೆಳೆಯರ ಕಥೆಯ ಅಮೆರಿಕನ್ ನಗೆ ಧಾರಾವಾಹಿ. ಬೆಂಗಳೂರಿನ ಪಿಜಿಯಲ್ಲಿದ್ದಾಗ ನಾನದನ್ನು ನೋಡುತ್ತಿದ್ದದ್ದು ನಗೋದಕ್ಕಲ್ಲ, ಒಂದಿಷ್ಟು ಇಂಗ್ಲಿಷು ಕಿವಿಗೆ ಬೀಳಲಿ ಅಂತ. ಇವಳು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಕೂತು 236 ಕಂತುಗಳನ್ನೂ ಅರೆದು ಕುಡಿದಿದ್ದಾಳೆ. ಯಾವ ಸೀಸನ್ನಿನ ಥ್ಯಾಂಕ್ಸ್‌ಗಿವಿಂಗಿನಲ್ಲಿ ಯಾರು ಏನು ತಿಂದರು ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾಳೆ.

ಪಟ್ಟಿ ಹೀಗಿತ್ತು. ಟರ್ಕಿ ಕೋಳಿ ಹೇಗೂ ಇರಲೇಬೇಕು. ಮೊದಲ ಸೀಸನ್ನಿನಿಂದ ಆಲೂಗಡ್ಡೆ, ಅದೂ ಮೂರು ಥರ: ರಾಸ್‌ಗೆ ಗಂಟುಗಂಟಾಗಿ ಹಿಸುಕಿದ್ದು, ಫೀಬಿಗೆ ಬಟಾಣಿ ಈರುಳ್ಳಿ ಸೇರಿಸಿ ನುಣ್ಣಗೆ ಕಡೆದದ್ದು, ಜೋಯಿಗೆ ಟೇಟರ್ ಟಾಟ್ಸ್ ಅನ್ನೋ ಕರಿದ ಆಲೂಗಡ್ಡೆ ಉಂಡೆ. (ಆ ಕಂತಿನಲ್ಲಿ ಎಲ್ಲರೂ ಬಾಗಿಲಾಚೆ ಸಿಕ್ಕಿಹಾಕಿಕೊಂಡು, ಒಳಗೆ ಅಡುಗೆಯೆಲ್ಲ ಸೀದುಹೋಗಿ, ಕೊನೆಗೆ ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಾರೆ. ಅದನ್ನು ನೆನಪಿಸಿದರೆ, "ಅಪ್ಪಾ, ನೆಗೆಟಿವ್ ಮಾತಾಡಬೇಡ" ಅಂದಳು.) ಐದನೇ ಸೀಸನ್ನಿನಿಂದ ಮಾರನೇ ದಿನಕ್ಕೆ, ಮಿಕ್ಕ ಟರ್ಕಿಯ ಸ್ಯಾಂಡ್‌ವಿಚ್. ಆರನೇ ಸೀಸನ್ನಿನಿಂದ ರೇಚಲ್ಲಳ ಟ್ರೈಫಲ್, ಪದರಪದರದ ಸಿಹಿ.

ಗೊತ್ತಿದ್ದವರಿಗೆ ಇಲ್ಲೇ ನಗು ಬಂದಿರುತ್ತದೆ. ಗೊತ್ತಿಲ್ಲದವರಿಗಾಗಿ: ರೇಚಲ್ ನೋಡುವ ಅಡುಗೆ ಪುಸ್ತಕದಲ್ಲಿ ಎರಡು ಪುಟ ಅಂಟಿಕೊಂಡಿವೆ. ಅರ್ಧ ಇಂಗ್ಲಿಷ್ ಟ್ರೈಫಲ್, ಇನ್ನರ್ಧ ಶೆಫರ್ಡ್ಸ್ ಪೈ, ಅಂದರೆ ಕೈಮದ ಖಾರದಡುಗೆ. ಹಾಗಾಗಿ ಲೇಡಿಫಿಂಗರ್ ಬಿಸ್ಕತ್ತು, ಜಾಮು, ಕಸ್ಟರ್ಡು, ರಾಸ್ಪ್‌ಬೆರಿ, ಮತ್ತೆ ಬಿಸ್ಕತ್ತು, ಆಮೇಲೆ ಬಟಾಣಿ ಈರುಳ್ಳಿ ಹಾಕಿ ಹುರಿದ ದನದ ಕೈಮ, ಅದರ ಮೇಲೆ ಮತ್ತೆ ಕಸ್ಟರ್ಡು, ಬಾಳೆಹಣ್ಣು, ಕೆನೆ. ರೇಚಲ್ಲಳಿಗೆ ಗೊತ್ತಾಗಬಾರದು ಅಂತ ಎಲ್ಲರೂ ಚೆನ್ನಾಗಿದೆ ಅಂತ ನಟಿಸುತ್ತಾರೆ. ಜೋಯಿಯೊಬ್ಬನಿಗೆ ಅದು ನಿಜಕ್ಕೂ ಇಷ್ಟವಾಗುತ್ತದೆ.

ನಮ್ಮ ಮನೆಯಲ್ಲಿ ದನದ ಮಾಂಸ ನಡೆಯೋದಿಲ್ಲ. ಓಕ್ ಟ್ರೀ ರೋಡಿನ ಹಲಾಲ್ ಅಂಗಡಿಯಿಂದ ಮೇಕೆ ಕೈಮ ತಂದೆ. ಕಸ್ಟರ್ಡಿಗೆ ಪೌಡರ್ ಸಾಕು ಅಂತ ನನ್ನ ಹೆಂಡತಿ ಹೇಳಿದ್ದು ತಿರಸ್ಕೃತವಾಯಿತು. ರೇಚಲ್ ಕಸ್ಟರ್ಡನ್ನು ಕೈಯಾರೆ ಮಾಡಿದ್ದಳಂತೆ. ಮೊಟ್ಟೆ ಹಳದಿ ಬೇರೆ ಮಾಡಿದ್ದು, ಹಾಲು ಕಾಯಿಸಿ ತಿರುವಿದ್ದು, ಒಮ್ಮೆ ಗಂಟಾಗಿ ಸೋಸಿದ್ದು ಎಲ್ಲ ಬುಧವಾರ ರಾತ್ರಿ ನಡೆಯಿತು. ಅಷ್ಟು ಒಳ್ಳೆಯ ಕಸ್ಟರ್ಡಿನ ಮೇಲೆ ಕೈಮ ಸುರಿಯುವಾಗ ನನ್ನ ಹೆಂಡತಿ ಅಡುಗೆಮನೆಯಿಂದ ಆಚೆ ಹೋದಳು.

ಇಷ್ಟೆಲ್ಲಕ್ಕೂ ಸಾಕ್ಷಿ ನಮ್ಮವ್ವ. ಮದ್ದೂರಿನ ಕಡೆಯವಳು, ಅಕ್ಟೋಬರಿನಲ್ಲಿ ಬಂದಿದ್ದಾಳೆ. ಫ್ರಿಜ್ಜಿನಲ್ಲಿ ಭಾನುವಾರದಿಂದ ಕರಗುತ್ತಾ ಕೂತಿದ್ದ ಹದಿನಾಲ್ಕು ಪೌಂಡಿನ ಟರ್ಕಿಯನ್ನು ದಿನಾ ಬಾಗಿಲು ತೆಗೆದು ನೋಡಿ, "ಇದೇನ್ಲಾ, ಗಿರಿರಾಜನ ಅಪ್ಪ ಇದ್ದಂಗದೆ" ಅನ್ನುತ್ತಿದ್ದಳು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ಕೋಳಿ ಕೊಟ್ಟ ಕಾಲದಲ್ಲಿ ಊರಲ್ಲಿ ಅದನ್ನು ಸಾಕಿದವಳು, ಗಾತ್ರದ ವಿಷಯದಲ್ಲಿ ಅವಳ ಮಾತಿಗೆ ಬೆಲೆ ಇದೆ. ನಾವು ಯಾರೂ ಇಲ್ಲದಾಗ ಟರ್ಕಿಗೆ ಉಪ್ಪು, ಅರಿಶಿನ ತಿಕ್ಕಿಬಿಟ್ಟಿದ್ದಳು. ಸುಡದೆ, ಅರಿಶಿನ ಹಚ್ಚದೆ ಕೋಳಿಯನ್ನು ಒಲೆಗಿಡೋದುಂಟೇ ಅಂತ ಅವಳ ವಾದ. ಮಗಳು ಅಳುವುದೊಂದು ಬಾಕಿ. ಆದರೆ ಗುರುವಾರ ಮಧ್ಯಾಹ್ನ ಓವನ್ನಿನಿಂದ ಅದು ಹೊರಬಂದಾಗ ಬಂದಿದ್ದ ಹೊಂಬಣ್ಣ ಯಾವ ಜಾಹೀರಾತಿನಲ್ಲೂ ನೋಡಿಲ್ಲ. ಥರ್ಮಾಮೀಟರ್ ಚುಚ್ಚಿ 165 ಡಿಗ್ರಿ ಫ್ಯಾರನ್‌ಹೀಟ್ ಬಂತಾ ಅಂತ ನಾನು ನೋಡುತ್ತಿದ್ದರೆ, ಅವ್ವ ತೊಡೆಯ ಮೂಳೆ ಹಿಡಿದು ಅಲುಗಿಸಿ, "ಬೆಂದದೆ ಬಿಡು" ಅಂದಳು. ಥರ್ಮಾಮೀಟರೂ ಹಾಗೇ ಅಂತು.

ಅವ್ವನಿಗೂ 'ಫ್ರೆಂಡ್ಸ್' ಪರಿಚಯವಾಗಿತ್ತು. ಮೊಮ್ಮಗಳ ಪಕ್ಕ ಕೂತು ಭಾಷೆ ಗೊತ್ತಿಲ್ಲದಿದ್ದರೂ ನೋಡುತ್ತಿದ್ದಳು. ಒಂದು ಸಂಜೆ ಕೇಳಿದಳು: "ನಗೋರು ಯಾರ್ಲಾ? ಒಬ್ರೂ ಕಾಣಾಕಿಲ್ವಲ್ಲ." ಕಥೆ ನ್ಯೂಯಾರ್ಕಿನದು, ಆದರೆ ಚಿತ್ರೀಕರಣ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕಿನಲ್ಲಿ, ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ, ಎದುರಿಗೆ ಜನ ಕೂತಿರುತ್ತಿದ್ದರು, ಅವರ ನಗು ಅದು ಅಂತ ವಿವರಿಸಿದೆ. "ಕಾಸ್ ಕೊಟ್ಟು ನಗಿಸ್ತಿದ್ರಾ?" ಅಂದಳು. ಇಲ್ಲ ಅಂದರೂ ನಂಬಿದ ಹಾಗೆ ಕಾಣಲಿಲ್ಲ.

ಊಟಕ್ಕೆ ಮೂರು ಮನೆಯವರು ಬಂದಿದ್ದರು. ಹಾಸನದ ಗೆಳೆಯ, ಅವನ ಹೆಂಡತಿ, ಹತ್ತು ವರ್ಷದ ಮಗ. ಸಾಗರದ ಕಡೆಯ ಸಸ್ಯಾಹಾರಿ ದಂಪತಿ. ಪಕ್ಕದ ಮನೆಯ ಅಮೆರಿಕನ್ ಯಜಮಾನರು, ಹೆಂಡತಿ ತೀರಿಕೊಂಡ ಮೇಲೆ ಹಬ್ಬಗಳಿಗೆ ಒಬ್ಬರೇ ಇರುವವರು, ಒಂದು ಪಂಪ್ಕಿನ್ ಪೈ ಹಿಡಿದು ಬಂದರು. ಹಾಸನದವನ ಬಗ್ಗೆ ಒಂದು ಮಾತು. ಒಳ್ಳೆಯವನು, ಕಷ್ಟಕ್ಕಾಗುವವನು, ಆದರೆ ಅವನ ಬಾಯಲ್ಲಿ 'ಸೂಪರ್' ಬಿಟ್ಟರೆ ಬೇರೆ ಮಾತಿಲ್ಲ. ಮನೆ ಕೊಂಡರೆ ಸೂಪರ್, ಕೆಲಸ ಹೋದರೂ, ಒಂದು ಬ್ರೇಕ್ ಸಿಕ್ಕಿತಲ್ಲ, ಸೂಪರ್. ಮ್ಯಾನೇಜರಾಗಿ ಬಹಳ ಬೇಗ ಮೇಲೇರಿದ್ದಾನೆ, ಆಶ್ಚರ್ಯವೇನಿಲ್ಲ.

ಟರ್ಕಿ ಖಾಲಿಯಾಗುತ್ತಾ ಬಂತು. ಗಂಟುಗಂಟು ಆಲೂಗಡ್ಡೆಗೆ ಬೇಡಿಕೆ ಜಾಸ್ತಿ ಇತ್ತು, ನುಣ್ಣಗಿನದು ಹಾಗೇ ಉಳಿಯಿತು. ಕೊನೆಗೆ ಗಾಜಿನ ಬಟ್ಟಲಲ್ಲಿ ಪದರಪದರವಾಗಿ ಟ್ರೈಫಲ್ ಬಂತು. ಸಸ್ಯಾಹಾರಿಗಳಿಗೆ ಸೋಯಾ ಕೈಮ ಹಾಕಿದ ಬೇರೆ ಬಟ್ಟಲು. ತಪ್ಪಿಸಿಕೊಳ್ಳಲು ಅವರಿಗಿದ್ದ ಒಂದೇ ದಾರಿಯನ್ನೂ ನಮ್ಮ ಹುಡುಗಿ ಮುಚ್ಚಿದ್ದಳು. ಅಲ್ಲದೆ, ನೀರಿನ ಜಗ್ಗಿಗೆ ಒರಗಿಸಿ ತನ್ನ ಫೋನನ್ನು ಇಟ್ಟಿದ್ದಳು. ರೆಕಾರ್ಡ್ ಆಗುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ರುಚಿ ಬೇಕಿರಲಿಲ್ಲ, ಸೀನು ಬೇಕಿತ್ತು.

ಸೀನು ಸಿಕ್ಕಿತು. ಒಂದೊಂದು ಚಮಚ ಒಳಗೆ ಹೋಯಿತು. ಸೂಪರ್. ತುಂಬಾ ಡಿಫರೆಂಟಾಗಿದೆ. ಪರವಾಗಿಲ್ಲ ಕಣೇ (ಇದು ನಾನು). ಪಕ್ಕದ ಮನೆಯವರು ತಲೆದೂಗಿ, "ಇಂಟರೆಸ್ಟಿಂಗ್" ಅಂದರು. ಅವ್ವ ಒಂದು ಚಮಚ ಬಾಯಿಗಿಟ್ಟು, ನಿಧಾನಕ್ಕೆ ಅಗಿದು ನುಂಗಿ, ಮೊಮ್ಮಗಳ ಕಡೆ ತಿರುಗಿದಳು.

"ಚೆನ್ನಾಗಿಲ್ಲ ಕಣವ್ವ. ಇನ್ನೊಸಿ ಹಾಕು."

ಈ ವಾರವೆಲ್ಲ ನಾನು ಆ ವಿಡಿಯೋ ನೋಡುತ್ತಿದ್ದೇನೆ. ಆಫೀಸಿನ ಮೀಟಿಂಗಿನ ನಡುವೆ, ರೈಲಿನಲ್ಲಿ, ರಾತ್ರಿ ನಿದ್ದೆ ಬಾರದಾಗ. ಒಂದು ಸಲ ಅವ್ವನನ್ನೇ ನೋಡಿದೆ. ಮುಖದಲ್ಲಿ ಸಿಂಡರಿಕೆ ಇಲ್ಲ, ತಮಾಷೆಯೂ ಇಲ್ಲ. ಸಾರಿಗೆ ಉಪ್ಪು ಸಾಲದು ಅಂತ ಹೇಳುವಾಗಿನ ಮುಖವೇ. ಮತ್ತೊಂದು ಸಲ ಹಾಸನದವನನ್ನು ನೋಡಿದೆ. ಅವನು ಸೂಪರ್ ಅಂದದ್ದು ಚಮಚ ತುಟಿಗೆ ತಾಗುವ ಮೊದಲೇ! ಧ್ವನಿ ಮುಂಚೆ, ತುತ್ತು ಆಮೇಲೆ. ಇನ್ನೊಮ್ಮೆ ಮಗಳನ್ನು. "ಚೆನ್ನಾಗಿಲ್ಲ" ಕೇಳಿದಾಗ ಅವಳ ಹುಬ್ಬು ಮೇಲೇರುತ್ತದೆ, "ಇನ್ನೊಸಿ ಹಾಕು" ಕೇಳಿದಾಗ ಬಾಯಿ ತೆರೆದುಕೊಳ್ಳುತ್ತದೆ. ಅವಳು ಬರೆದುಕೊಂಡಿದ್ದ ಸೀನಿನಲ್ಲಿ ಈ ಡೈಲಾಗ್ ಇರಲಿಲ್ಲ. ಸುಳ್ಳು ಹೇಳುವವರಿಗೂ, ನಿಜ ಹೇಳಿ ತಟ್ಟೆ ದೂಡುವವರಿಗೂ ಅವಳು ತಯಾರಿದ್ದಳು. ನಿಜ ಹೇಳಿ ತಟ್ಟೆ ಮುಂದೆ ಚಾಚುವವರು ಆ ಧಾರಾವಾಹಿಯಲ್ಲಿ ಇಲ್ಲ. ಜೋಯಿ ಇದ್ದಾನೆ, ಆದರೆ ಅವನಿಗೆ ರುಚಿಸುತ್ತದೆ, ಅದರಲ್ಲೇನು ದೊಡ್ಡಸ್ತಿಕೆ. (ನಮ್ಮ ಮೇಜಿನಲ್ಲೂ ಒಬ್ಬ ಜೋಯಿ ಇದ್ದ. ಹಾಸನದವನ ಮಗ ತನ್ನದು ಮುಗಿಸಿ ಅಪ್ಪನ ಬಟ್ಟಲನ್ನೂ ಎಳೆದುಕೊಂಡ. ವಿಡಿಯೋದ ಮೂಲೆಯಲ್ಲಿ ಅವನ ಕೈಯಷ್ಟೇ ಕಾಣುತ್ತದೆ.)

ಅವ್ವನ ಮಾತು ನನಗೆ ಹೊಸದಲ್ಲ. ಯುಗಾದಿಯ ಮಾರನೇ ದಿನ ವರ್ಷತೊಡಕಿಗೆ ನಮ್ಮ ಮನೆಯಲ್ಲಿ ಮರಿ ಬಾಡು ಹಂಚಿಕೊಂಡು ಬರುತ್ತಿತ್ತು. ಸಾಲಾಗಿ ಕೂತ ಗಂಡಸರು ಯಾರೂ ಸಾರು ಚೆನ್ನಾಗಿದೆ ಅಂದದ್ದು ನಾನು ಕೇಳಿಲ್ಲ. ಮುದ್ದೆ ಇನ್ನೊಂದು ಬೀಳಬೇಕು, ಅಷ್ಟೇ. ನೆಂಟರು ಹೊಗಳಿದರೆ ನಮ್ಮಜ್ಜಿ ಹುಷಾರಾಗುತ್ತಿದ್ದಳು, ಸಾಲ ಕೇಳೋಕೆ ಬಂದಿರಬೇಕು ಅಂತ. ಇಲ್ಲಿಗೆ ಬಂದು ನಾವು ಹೊಗಳಿಕೆಯಲ್ಲಿ ಧಾರಾಳವಾಗಿದ್ದೇವೆ. ಮಗು ಗೀಚಿದ್ದಕ್ಕೆ, ಗೆಳೆಯರ ಹೊಸ ಸೋಫಾಕ್ಕೆ, ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಶ್ರುತಿ ತಪ್ಪಿ ಹಾಡಿದವರಿಗೆ. ಅದೇನು ಕೆಟ್ಟದ್ದು ಅಂತ ನನಗನ್ನಿಸಲ್ಲ. ಹಾಡಿದವರು ಮುಂದಿನ ವರ್ಷವೂ ಹಾಡುತ್ತಾರೆ. ಆದರೆ ಮಗಳು ಅದನ್ನೆಲ್ಲ ನೋಡುತ್ತಿದ್ದಾಳೆ, ಮತ್ತು ಫೋನನ್ನು ಜಗ್ಗಿಗೆ ಒರಗಿಸಿಡುವಷ್ಟು ಅನುಮಾನ ಬೆಳೆಸಿಕೊಂಡಿದ್ದಾಳೆ.

ಹಳ್ಳಿಯ ಮೌನವೇ ದೊಡ್ಡದು ಅಂತ ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿಕೊಂಡು, ಶುಕ್ರವಾರ ಬೆಳಗ್ಗೆ ಅವ್ವನನ್ನು ಕೇಳಿದೆ: ಅಪ್ಪ ಇಷ್ಟು ವರ್ಷದಲ್ಲಿ ಒಂದು ದಿನವೂ ಅಡುಗೆ ಚೆನ್ನಾಗಿದೆ ಅನ್ನಲಿಲ್ಲವಲ್ಲ, ನಿನಗೇನೂ ಅನ್ನಿಸುತ್ತಿರಲಿಲ್ಲವಾ, ಮುದ್ದೆ ಹಾಕಿಸಿಕೊಂಡರೆ ಸಾಕಿತ್ತಾ?

"ಯೋಳಿದ್ರೆ ಬ್ಯಾಡ ಅಂತಿದ್ನಾ?" ಅಂದಳು.

ಭಾಷಣ ಅಲ್ಲಿಗೆ ಮುಗಿಯಿತು.

ಬರ್‌ಬ್ಯಾಂಕಿನ ಆ ಕಾಣದ ಜನರ ಬಗ್ಗೆ ಮಗಳು ಒಂದು ವಿಷಯ ಹೇಳಿದಳು, ಅದೂ ತಲೆಯಲ್ಲಿ ಉಳಿದಿದೆ. ಚಿತ್ರೀಕರಣದ ವೇಳೆ ಒಂದು ಜೋಕಿಗೆ ಎದುರಿನವರು ನಗದಿದ್ದರೆ ಬರಹಗಾರರು ಅಲ್ಲೇ ಗುಂಪಾಗಿ ನಿಂತು ಮಾತು ಬದಲಾಯಿಸುತ್ತಿದ್ದರಂತೆ. ನಟರು ಹೊಸ ಸಾಲು ಹೇಳಬೇಕು, ಮತ್ತೆ ಶೂಟಿಂಗ್. ಲಂಡನ್ನಿನಲ್ಲಿ ಚಿತ್ರೀಕರಿಸಿದ, 1998ರಲ್ಲಿ ಪ್ರಸಾರವಾದ ರಾಸ್ ಮದುವೆಯ ಕಂತಿನಲ್ಲಿ ಚಾಂಡ್ಲರ್ ಮತ್ತು ಮೋನಿಕಾ ಒಂದೇ ಹಾಸಿಗೆಯಲ್ಲಿದ್ದಾರೆ ಅಂತ ಗೊತ್ತಾಗುತ್ತದಲ್ಲ, ಆಗ ಎದುರಿಗಿದ್ದ ಜನ ಎಬ್ಬಿಸಿದ ಗದ್ದಲಕ್ಕೆ ಬರಹಗಾರರೇ ಬೆಚ್ಚಿದರು. ಒಂದೆರಡು ದಿನದ ಪ್ರಸಂಗ ಅಂದುಕೊಂಡದ್ದು ಮದುವೆಯವರೆಗೆ ಹೋಯಿತು. ಅಂದರೆ ಪರದೆಯ ಒಳಗಿರುವವರು ಟ್ರೈಫಲ್ ಬಗ್ಗೆ ಸುಳ್ಳು ಹೇಳಬಹುದು, ಹೊರಗೆ ಕೂತವರು ಹೇಳುವಂತಿಲ್ಲ. ಬಂದರೆ ನಗು, ಇಲ್ಲದಿದ್ದರೆ ಮತ್ತೆ ಬರೆಯಬೇಕು. ಕಾಸು ಕೊಟ್ಟು ನಗಿಸುತ್ತಾರೆ ಅಂತ ಅವ್ವ ಯಾರ ಮೇಲೆ ಅನುಮಾನ ಪಟ್ಟಳೋ, ಅವರ ಕೆಲಸವನ್ನು ಗುರುವಾರ ನಮ್ಮ ಮೇಜಿನಲ್ಲಿ ಮಾಡಿದವಳು ಅವಳೊಬ್ಬಳೇ. ಪಕ್ಕದ ಮನೆಯವರಿಗೂ ಅರ್ಧ ಮಾರ್ಕು ಕೊಡಬೇಕು. 'ಇಂಟರೆಸ್ಟಿಂಗ್' ಅಂದವರು ಬಟ್ಟಲು ಪೂರ್ತಿ ಖಾಲಿ ಮಾಡಿದರು, ಹೋಗುವಾಗ ಬಾಗಿಲ ಬಳಿ ನಿಂತು ತಮ್ಮ ಹೆಂಡತಿಯ ಪೈ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಶುಕ್ರವಾರದ ಸ್ಯಾಂಡ್‌ವಿಚ್ಚಿನ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಗ್ರೇವಿಯಲ್ಲಿ ನೆನೆಸಿದ ಬ್ರೆಡ್ಡನ್ನು ನಡುವೆ ಇಡಬೇಕು, ಅದೇ ಅದರ ಗುಟ್ಟು. ಧಾರಾವಾಹಿಯಲ್ಲಿ ರಾಸ್ ತನ್ನ ಸ್ಯಾಂಡ್‌ವಿಚ್ ಬೇರೆಯವರು ತಿಂದರು ಅಂತ ಹುಚ್ಚನಾಗುತ್ತಾನೆ. ನಮ್ಮಲ್ಲಿ ಅಂಥ ಪ್ರಮೇಯವೇ ಬರಲಿಲ್ಲ. ಯಾಕೆಂದರೆ ಮಗಳಿಗೆ ಎರಡು ಸ್ಯಾಂಡ್‌ವಿಚ್ಚಿಗೆ ಬೇಕಾದಷ್ಟು ಬಿಟ್ಟು, ಉಳಿದ ಟರ್ಕಿಯನ್ನು ಅವ್ವ ಬಿಡಿಸಿಕೊಂಡು, ಹುರಿದ ಧನಿಯ, ಚಕ್ಕೆ ಲವಂಗ, ತೆಂಗಿನಕಾಯಿ ರುಬ್ಬಿ, ಮೂಳೆ ಬೇಯಿಸಿದ ನೀರಿಗೇ ಮಸಾಲೆ ಬಿಟ್ಟು ಸಾರು ಮಾಡಿದ್ದಳು. ರಾಗಿ ಹಿಟ್ಟು ನಮ್ಮಲ್ಲಿ ಸದಾ ಇರುತ್ತದೆ. ನಾಟಿಕೋಳಿ ಸಾರಿನ ಗಮ್ಮತ್ತು ಇದಕ್ಕಿಲ್ಲ, ಮಾಂಸ ನಾರುನಾರು, ಆದರೆ ಮುದ್ದೆಗೆ ಏನೂ ಕಡಿಮೆ ಇರಲಿಲ್ಲ. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ, ಬಾಯಿಬಿಟ್ಟು ಚೆನ್ನಾಗಿದೆ ಅಂತಲೂ ಅಂದೆ. "ಏನ್ಬೇಕಿತ್ತು?" ಅಂದಳು.

ಶನಿವಾರ ಬೆಳಗ್ಗೆ, ಊರಲ್ಲಿ ಸಂಜೆ, ಚಿಕ್ಕವ್ವನ ಫೋನು ಬಂತು. ನಾನು ಪಕ್ಕದ ರೂಮಿನಲ್ಲಿ ಬಟ್ಟೆ ಮಡಚುತ್ತಿದ್ದೆ. ಟರ್ಕಿಯ ತೂಕ ಹದಿನಾಲ್ಕರಿಂದ ಇಪ್ಪತ್ತಕ್ಕೆ ಏರಿತ್ತು, ಪೌಂಡು ಹೋಗಿ ಕೇಜಿ ಆಗಿತ್ತು. ಆಮೇಲೆ ಟ್ರೈಫಲ್ಲಿನ ಕಥೆ ಶುರುವಾಯಿತು. "ನಮ್ ಕೂಸೇ ಮಾಡಿತ್ತು ಕಣಮ್ಮಿ. ಮ್ಯಾಲೆ ಕೆನೆ, ಒಳಗೆ ಬಾಡು. ಅಮೆರಿಕದೋರು ಬಂದಿದ್ರು, ಬಟ್ಲು ನೆಕ್ಕಬುಟ್ರು. ಬಲೇ ಚೆಂದಾಗಿತ್ತು."

ನಾನು ಬಟ್ಟೆ ಅಲ್ಲೇ ಬಿಟ್ಟು ಬಂದು ಬಾಗಿಲಲ್ಲಿ ನಿಂತೆ. ಫೋನಿಟ್ಟ ಮೇಲೆ ಕೇಳಿದೆ: "ಅವ್ವ, ಚೆನ್ನಾಗಿಲ್ಲ ಅಂತ ಅವಳ ಮುಖಕ್ಕೇ ಹೇಳಿದ್ಯಲ್ಲ?"

ನಾನೇನೋ ಅಸಭ್ಯ ಮಾತಾಡಿದವನ ಹಾಗೆ ನೋಡಿದಳು.

"ಅವಳ್ಗ್ಯಾಕ್ಲಾ ಯೋಳ್ಬೇಕು ಅದ?"