ಕುರ್ಚಿ ಖಾಲಿಯಾಯಿತು, ನನಗೆ ಸಿಗಲಿಲ್ಲ

ನಮ್ಮ ವಿಭಾಗದ ಮುಖ್ಯಸ್ಥರಿಗೆ ಎರಡು ವರ್ಷ ಎಕ್ಸ್‌ಟೆನ್ಷನ್ ಸಿಕ್ಕಿದ ದಿನ ನಾನು ಎಲ್ಲರ ಮುಂದೆ ಚಪ್ಪಾಳೆ ತಟ್ಟಿದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಒಂಬತ್ತು ವರ್ಷದಿಂದ ಅದೇ ಹುದ್ದೆಯಲ್ಲಿ ಕೊಳೆಯುತ್ತಿದ್ದೆ. ಅವರು ಎದ್ದರೆ ಆ ಜಾಗಕ್ಕೆ ನಾನು, ನನ್ನ ಜಾಗಕ್ಕೆ ಇನ್ನೊಬ್ಬ, ಕೊನೆಗೆ ಕೆಳಗೆ ಒಬ್ಬ ಹೊಸಬ. ಇಷ್ಟೇ ಲೆಕ್ಕ ಅಲ್ವಾ?

ಎರಡು ವರ್ಷ ಮುಗಿಯಿತು, ಅವರು ಹೋದರು. ಆಡಳಿತದವರು ಆ ಹುದ್ದೆಯನ್ನೇ ತೆಗೆದುಹಾಕಿದರು. ಕೆಲಸವನ್ನು ನಮ್ಮ ಮೂವರಿಗೆ ಹಂಚಿದರು, ಸಂಬಳ ಮಾತ್ರ ಹಂಚಲಿಲ್ಲ.

ಯಂತ್ರಗಳ ನಿರ್ವಹಣೆ ನಮ್ಮ ಕೆಲಸ. ಒಂದು ಹಳೇ ಕಂಪ್ರೆಸರ್ ಇತ್ತು. ಅದು ಕೈಕೊಡುವುದನ್ನು ಅವರು ಸದ್ದಿನಲ್ಲೇ ಕಂಡುಹಿಡಿಯುತ್ತಿದ್ದರು. ಅವರು ಹೋದ ಮೂರನೇ ತಿಂಗಳು ಅದು ನಿಂತಿತು. ಮ್ಯಾನುಯಲ್ ತೆಗೆದರೆ, ಯಾವಾಗಲೋ ಬದಲಾಯಿಸಿದ ಪೈಪ್‌ಗಳ ಗುರುತೇ ಅದರಲ್ಲಿಲ್ಲ. ಎಲ್ಲ ಅವರ ತಲೆಯಲ್ಲಿತ್ತು. ಎರಡು ದಿನ ಒದ್ದಾಡಿ ಕೊನೆಗೆ ಅವರಿಗೇ ಫೋನ್ ಮಾಡಿದೆ. ನಾಚಿಕೆಯಾಯಿತು. ಸಿಟ್ಟೂ ಬಂತು. ಎರಡು ವರ್ಷ ಹೆಚ್ಚಿಗೆ ಇದ್ದರಲ್ಲ, ಆಗ ಬರೆದಿಡಬಾರದಿತ್ತೇ? ನಾವೂ ಕೇಳಲಿಲ್ಲ ಬಿಡಿ. ಅವರು ಯಾವಾಗ ಹೋಗುತ್ತಾರೆ ಅಂತ ಕಾಯುವುದರಲ್ಲೇ ಇದ್ದೆವು.

ಆಮೇಲೆ ಈ ಬಗ್ಗೆ ಸ್ವಲ್ಪ ಓದಿದೆ. ಇರುವ ಕೆಲಸ ಇಷ್ಟೇ, ಒಬ್ಬ ಬಿಟ್ಟರೆ ಇನ್ನೊಬ್ಬನಿಗೆ ಅನ್ನುವ ಲೆಕ್ಕ ತಪ್ಪು ಎಂದು ಅರ್ಥಶಾಸ್ತ್ರಜ್ಞರು 1890ರ ದಶಕದಿಂದಲೇ ಹೇಳುತ್ತಿದ್ದಾರೆ. ಫ್ರಾನ್ಸ್ 1983ರಲ್ಲಿ ನಿವೃತ್ತಿ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿತು. ಯುವಕರ ನಿರುದ್ಯೋಗ ಅದರಿಂದ ಕರಗಲಿಲ್ಲ. ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಎಂಬ ಅರ್ಥಶಾಸ್ತ್ರಜ್ಞರು 12 ದೇಶಗಳ ಅಂಕಿಅಂಶ ಜೋಡಿಸಿ 2010ರಲ್ಲಿ ಹೇಳಿದ್ದೂ ಅದನ್ನೇ. ಹಿರಿಯರು ಹೆಚ್ಚು ಕಾಲ ದುಡಿದರೆ ಕಿರಿಯರ ಕೆಲಸ ಹೋಗುತ್ತದೆ ಅನ್ನಲು ಅವರಿಗೆ ಪುರಾವೆ ಸಿಗಲಿಲ್ಲ.

ಹಾಗಾದರೆ ನನ್ನ ಒಂಬತ್ತು ವರ್ಷದ ಗೋಳು ಸುಮ್ನೆ ಭ್ರಮೆಯೇ? ಅಲ್ಲ. ಇಟಲಿ 2011ರ ಕೊನೆಯಲ್ಲಿ ಪಿಂಚಣಿ ವಯಸ್ಸನ್ನು ಏಕಾಏಕಿ ಏರಿಸಿತು. ಹೊರಡಬೇಕಿದ್ದವರು ಉಳಿದುಕೊಂಡ ಕಂಪನಿಗಳಲ್ಲಿ ಹೊಸಬರ ನೇಮಕ ಕಡಿಮೆಯಾಯಿತು, ಜೊತೆಗಿದ್ದವರ ಸಂಬಳ ಏರುವುದು ನಿಧಾನವಾಯಿತು. ದೇಶದ ಲೆಕ್ಕ ಬೇರೆ, ಒಂದು ಆಫೀಸಿನ ಏಣಿಯ ಲೆಕ್ಕ ಬೇರೆ. ನಮ್ಮ ಏಣಿಗೆ ಇರುವುದೇ ನಾಲ್ಕು ಮೆಟ್ಟಿಲು. ಕಂಪನಿ ಬೆಳೆಯದಿದ್ದರೆ ಇದು ಇನ್ನೂ ಜಾಸ್ತಿ ಚುಚ್ಚುತ್ತದೆ.

ಕಳೆದ ವರ್ಷ ನನ್ನ ಕೈಕೆಳಗಿನ ಹಿರಿಯ ಮೆಕ್ಯಾನಿಕ್ ಒಬ್ಬರು ಇನ್ನೂ ಒಂದಷ್ಟು ದಿನ ಇರುತ್ತೇನೆ ಎಂದರು. ಮಗಳ ಓದು ಮುಗಿದಿಲ್ಲ, ಸಾಲ ಇದೆ. ಬೇಡ ಅನ್ನಲು ಮನಸ್ಸಾಗಲಿಲ್ಲ. ಇರಿ ಎಂದೆ. ಆದರೆ ಲಾಗ್‌ಬುಕ್‌ನಲ್ಲಿ ಸಹಿ ಇನ್ನು ಮುಂದೆ ಕಿರಿಯನದು. ಯಂತ್ರ ಬಿಚ್ಚುವಾಗ ಸ್ಪ್ಯಾನರ್ ಕೂಡ ಅವನ ಕೈಯಲ್ಲೇ, ನೀವು ಪಕ್ಕದಲ್ಲಿ ನಿಂತು ಹೇಳಿ. ಮೊದಲ ತಿಂಗಳು ಅವರು ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಬೈಯುತ್ತಲೇ ಕಲಿಸುತ್ತಾರೆ. ಅವರು ಹೇಳಿದ್ದನ್ನೆಲ್ಲ ಹುಡುಗ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾನೆ, ಬೈಗುಳ ಬಿಟ್ಟು.

ಅವನಿಗೆ ಸಹಿ ಸಿಕ್ಕಿದೆ, ಗ್ರೇಡ್ ಸಿಕ್ಕಿಲ್ಲ. ಹಣ ಇಲ್ಲ ಅಂತ ಫೈಲ್ ಎರಡು ಸಲ ವಾಪಸ್ ಬಂತು. ಮೂರನೇ ಸಲ ಕಳಿಸಿದ್ದೇನೆ.