ಕಥೆನಾ, ಗೇಮ್‌ಪ್ಲೇನಾ?

ವಿಡಿಯೊ ಗೇಮ್‌ನಲ್ಲಿ ನಿನಗೆ ಯಾವುದು ಮುಖ್ಯ, ಕಥೆಯೋ, ಗೇಮ್‌ಪ್ಲೇಯೋ (ಅಂದರೆ ನಾವು ಕೈಯಾರೆ ಆಡುವುದು) ಅಂತ ಎಲ್ಲರೂ ಕೇಳುತ್ತಾರೆ. ಗೇಮ್‌ಪ್ಲೇ. ಉತ್ತರ ಇಷ್ಟೇ.

ಆದರೆ ಇಷ್ಟಕ್ಕೇ ಯಾರೂ ಬಿಡುವುದಿಲ್ಲ. ನನ್ನ ಜೊತೆ ಆಡುವ ಗೆಳೆಯರಿಗೆ ಇದು ಸುಳ್ಳು ಅನಿಸುತ್ತದೆ. ಫೈನಲ್ ಫ್ಯಾಂಟಸಿ 7 ಎಂಬ ಗೇಮಿನಲ್ಲಿ ಏರಿತ್ ಅನ್ನುವ ಪಾತ್ರ ಸತ್ತಾಗ ನಾನು ಎಷ್ಟು ದಿನ ಸಪ್ಪೆ ಮುಖ ಮಾಡಿಕೊಂಡಿದ್ದೆ ಅಂತ ಅವರಿಗೆ ಗೊತ್ತು. ಗೇಮ್ ಆಡದವರದು ಬೇರೆ ಅನುಮಾನ. "ಹಾಗಾದ್ರೆ ಸುಮ್ನೆ ಬಟನ್ ಒತ್ತೋದಕ್ಕೇ ಅಷ್ಟು ಹೊತ್ತು ಕೂರ್ತೀಯಾ?" ಅನ್ನುತ್ತಾರೆ. ಇಬ್ಬರಿಗೂ ಒಮ್ಮೆಲೇ ಬರೆದಿಟ್ಟರೆ ಮುಂದಿನ ಸಲ ಇದನ್ನೇ ಕೈಗಿಟ್ಟು ಪಾರಾಗಬಹುದು. ಒಂದು ಎಚ್ಚರಿಕೆ: ಕೆಲವು ಹಳೆಯ ಗೇಮ್‌ಗಳ ಗುಟ್ಟು ಇಲ್ಲಿ ಬಯಲಾಗುತ್ತದೆ.

ನನ್ನ ಹತ್ತಿರ ಒಂದು ಸಣ್ಣ ಪರೀಕ್ಷೆ ಇದೆ. ಗೇಮ್ ಮುಗಿದ ಮೇಲೆ ನನಗೆ ನಾನೇ ಕೇಳಿಕೊಳ್ಳುತ್ತೇನೆ: ಇದನ್ನು ಆಡದೆ, ಬೇರೆ ಯಾರೋ ಆಡಿದ ವಿಡಿಯೊ ನೋಡಿದ್ದರೆ ನನಗೆ ಏನು ತಪ್ಪಿಹೋಗುತ್ತಿತ್ತು? ಏನೂ ಇಲ್ಲ ಅನ್ನುವುದಾದರೆ, ಕಥೆ ಎಷ್ಟೇ ಚೆನ್ನಾಗಿರಲಿ, ನಾನು ಆಡಿದ್ದು ಗೇಮ್ ಅಲ್ಲ. ನಡುನಡುವೆ ಬಟನ್ ಒತ್ತಬೇಕಾದ ಸಿನಿಮಾ.

ಈ ಪರೀಕ್ಷೆ ಹುಟ್ಟಿದ್ದು ಒಂದು ರಾತ್ರಿ. ಎಲ್ಲರೂ ಹೊಗಳಿದ ದೊಡ್ಡ ಗೇಮ್ ಒಂದನ್ನು ಆಡುತ್ತಿದ್ದೆ. ಕಟ್‌ಸೀನ್, ಅಂದರೆ ಆಡದೆ ಸುಮ್ಮನೆ ನೋಡಬೇಕಾದ ದೃಶ್ಯ, ಶುರುವಾಯಿತು. ಇಬ್ಬರು ನಿಂತು ಮಾತಾಡಿದರು. ಮೂರನೆಯವನು ಬಂದ. ಅವನೂ ಮಾತಾಡಿದ. ಮಳೆ ಬಂತು. ಮಾತು ನಿಲ್ಲಲಿಲ್ಲ. ಕೊನೆಗೆ ನನ್ನ ಸರದಿ ಬಂದಾಗ ಪಾತ್ರ ಅಲ್ಲಾಡುತ್ತಲೇ ಇಲ್ಲ. ನೋಡಿದರೆ, ತನ್ನನ್ನು ಯಾರೂ ಮುಟ್ಟುತ್ತಿಲ್ಲ ಅಂತ ಕಂಟ್ರೋಲರ್ ತಾನೇ ಆಫ್ ಆಗಿತ್ತು! ಅದನ್ನು ಆನ್ ಮಾಡಿ, ಹತ್ತು ಹೆಜ್ಜೆ ನಡೆಸಿ, ಒಂದು ಬಾಗಿಲು ತೆರೆದೆ. ಮತ್ತೆ ಕಟ್‌ಸೀನ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಅದು.

ಹಾಗಂತ ಕಥೆಯೇ ಬೇಡ ಅನ್ನುವ ಗುಂಪಿಗೂ ನಾನು ಸೇರಿದವನಲ್ಲ. ಆ ಗುಂಪಿನ ದೊಡ್ಡ ಹೆಸರು ಜಾನ್ ಕಾರ್ಮ್ಯಾಕ್, 1993ರಲ್ಲಿ ಬಂದ ಡೂಮ್ ಗೇಮಿನ ಪ್ರೋಗ್ರಾಮರ್. ಗೇಮಿನಲ್ಲಿ ಕಥೆ ಇರಲಿ ಅಂತ ಜನ ಬಯಸುತ್ತಾರೆ, ಆದರೆ ಅದು ಅಷ್ಟೇನೂ ಮುಖ್ಯವಲ್ಲ ಎಂದು ಅವರು ಹೇಳಿದ್ದರು. ಜೊತೆಗೊಂದು ಹೋಲಿಕೆಯನ್ನೂ ಕೊಟ್ಟಿದ್ದರು. ಮನೆಮಂದಿ ಓದುವ ಬರಹದಲ್ಲಿ ಅದನ್ನು ಬರೆಯಲಾರೆ. ಡೂಮ್ ಮಟ್ಟಿಗೆ ಅವರ ಮಾತು ಸರಿಯೇ. ಕೈಯಲ್ಲಿ ಬಂದೂಕು, ಎದುರಿಗೆ ರಾಕ್ಷಸರು. ಇನ್ನೇನು ಹೇಳಬೇಕು? 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲೂ ಕಥೆ ಅಂದರೆ ಒಂದು ವಿಳಾಸ ಅಷ್ಟೇ. ಕೋಟೆ ಗೆದ್ದು ಹೋದರೆ "ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ" ಅನ್ನುತ್ತಾರೆ. ಸರಿ ಅಂತ ಹೊರಡುತ್ತೇವೆ. ರಾಜಕುಮಾರಿಯ ಚಿಂತೆ ಯಾರಿಗೂ ಇಲ್ಲ, ಮುಂದಿನ ಜಿಗಿತದ ಚಿಂತೆ.

ಆದರೆ ಆಟದ ಒಳಗಿನಿಂದಲೇ ಕಥೆ ಹುಟ್ಟುವುದನ್ನೂ ನೋಡಿದ್ದೇನೆ. 1978ರ ಸ್ಪೇಸ್ ಇನ್ವೇಡರ್ಸ್ ತೆಗೆದುಕೊಳ್ಳಿ. ಮೇಲಿನಿಂದ 55 ಶತ್ರುಗಳು ಸಾಲುಸಾಲಾಗಿ ಇಳಿದು ಬರುತ್ತಾರೆ. ಅದನ್ನು ಮಾಡಿದ ತೊಮೊಹಿರೊ ನಿಶಿಕಾಡೊ ಅವರ ಕೈಯಲ್ಲಿದ್ದ ಯಂತ್ರಕ್ಕೆ ಅಷ್ಟೊಂದು ಶತ್ರುಗಳನ್ನು ಬೇಗ ಬೇಗ ಬಿಡಿಸುವ ಶಕ್ತಿ ಇರಲಿಲ್ಲ. ಹಾಗಾಗಿ ಶುರುವಿನಲ್ಲಿ ಅವು ನಿಧಾನ. ಒಂದೊಂದೇ ಸಾಯುತ್ತಾ ಹೋದ ಹಾಗೆ ಯಂತ್ರದ ಭಾರ ಇಳಿದು, ಉಳಿದವುಗಳ ಓಟ ಜೋರಾಗುತ್ತದೆ. ಕೊನೆಯದಂತೂ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಇದೊಂದು ದೋಷ ಅಂತ ಅವರು ಸರಿ ಮಾಡಲು ಹೋಗಲಿಲ್ಲ, ಹಾಗೇ ಬಿಟ್ಟರು. ಗೆಲ್ಲುತ್ತಾ ಹೋದಷ್ಟೂ ಎದೆ ಬಡಿತ ಏರಬೇಕು! ಒಂದು ಸಾಲು ಡೈಲಾಗ್ ಇಲ್ಲದೆ ಇಷ್ಟು ಒಳ್ಳೆಯ ಕ್ಲೈಮ್ಯಾಕ್ಸ್ ಬರೆದವರು ಎಷ್ಟು ಜನ ಇದ್ದಾರೆ?

ವಿಶ್ವವಿದ್ಯಾಲಯಗಳ ಜನ ಕೂಡ ಇದೇ ವಿಷಯಕ್ಕೆ ಜಗಳವಾಡಿದ್ದಾರೆ. 1997ರಲ್ಲಿ ಜಾನೆಟ್ ಮರ್ರೆ ಎಂಬ ವಿದ್ವಾಂಸೆ ಟೆಟ್ರಿಸ್‌ನಲ್ಲೂ ಕಥೆ ಕಂಡರು. ಮೇಲಿನಿಂದ ಬೀಳುತ್ತಲೇ ಇರುವ ತುಂಡುಗಳನ್ನು ಜೋಡಿಸಿ, ಜಾಗ ಮಾಡಿ, ಮತ್ತೆ ಮುಂದಿನದಕ್ಕೆ ಸಿದ್ಧವಾಗುವುದು ಕೆಲಸದ ಹೊರೆಯಲ್ಲಿ ಮುಳುಗಿದ ಅಮೆರಿಕನ್ನರ ಬದುಕಿನ ಹಾಗೆ ಅಂತ. ಫಿನ್ಲೆಂಡಿನ ಮಾರ್ಕು ಎಸ್ಕೆಲಿನೆನ್‌ಗೆ ಇಂಥ ಮಾತು ಸಹಿಸಲಾಗಲಿಲ್ಲ. ನಾನು ನಿಮ್ಮತ್ತ ಚೆಂಡು ಎಸೆದರೆ, ಅದನ್ನು ಕೆಳಗೆ ಬೀಳಿಸಿ ಕಥೆ ಹೇಳಲಿ ಅಂತ ಕಾಯುತ್ತೀರಾ ಅನ್ನುವ ಅರ್ಥದಲ್ಲಿ 2001ರಲ್ಲಿ ಬರೆದರು. ನನಗೆ ಎಸ್ಕೆಲಿನೆನ್ ಮಾತು ಓದಿದಾಗ ನಗು ಬಂತು. ಆದರೆ ಕೆಲಸ ತಲೆಯ ಮೇಲೆ ಬಿದ್ದ ದಿನಗಳಲ್ಲಿ ಟೆಟ್ರಿಸ್ ಆಡುವಾಗ ಮರ್ರೆಯವರೇ ನೆನಪಾಗುತ್ತಾರೆ.

ಈಗ ಏರಿತ್ ವಿಷಯಕ್ಕೆ ಬರುತ್ತೇನೆ. ಆ ಗೇಮ್ ಬಂದದ್ದು 1997ರಲ್ಲಿ. ಅವಳ ಸಾವಿನ ದೃಶ್ಯ ಕಟ್‌ಸೀನೇ. ಚೆನ್ನಾಗಿದೆ, ಸಂಗೀತವೂ ಚೆನ್ನಾಗಿದೆ. ಆದರೆ ನನಗೆ ನಿಜವಾಗಿ ನೋವಾದದ್ದು ಅಲ್ಲಲ್ಲ. ಅದಾದ ಮೇಲಿನ ಕಾದಾಟಗಳಲ್ಲಿ. ಗಾಯವಾದಾಗಲೆಲ್ಲ ಎಲ್ಲರನ್ನೂ ಚೇತರಿಸುತ್ತಿದ್ದವಳು ಅವಳು. ಅಷ್ಟು ಹೊತ್ತು ನಾನೇ ಅವಳನ್ನು ಬೆಳೆಸಿದ್ದೆ, ಅವಳಿಗೆ ಅಂತಲೇ ಒಳ್ಳೆಯ ಕೋಲು ಹುಡುಕಿ ಕೊಟ್ಟಿದ್ದೆ. ಈಗ ಕಾದಾಟಕ್ಕೆ ತಂಡ ಆರಿಸಲು ಹೋದರೆ ಅವಳ ಹೆಸರೇ ಇಲ್ಲ. ಆ ಕೋಲನ್ನು ಇನ್ಯಾರೂ ಹಿಡಿಯುವ ಹಾಗಿಲ್ಲ. ಮೆನುವಿನಲ್ಲಿ ಒಂದು ಖಾಲಿ ಜಾಗ ಇಷ್ಟು ನೋಯಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ಇದನ್ನು ವಿಡಿಯೊದಲ್ಲಿ ನೋಡಿದವರಿಗೆ ಒಬ್ಬಳು ಹುಡುಗಿ ಸತ್ತಳು. ನನಗೆ ನನ್ನ ಜೊತೆಗಿದ್ದವಳು ಸತ್ತಳು.

ಕನ್ನಡದಲ್ಲಿ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದ ಬಂದ ಮೇಲೇ ಮುಗಿಯುವುದು. "ಅವನು ಅವಳನ್ನು ನದಿಯ ದಡದಲ್ಲಿ" ಅಂತ ನಿಲ್ಲಿಸಿದರೆ ಕೇಳುವವರು ಬಾಯಿ ಬಿಟ್ಟುಕೊಂಡು ಕಾಯುತ್ತಾರೆ. ಕಂಡನೋ, ಬಿಟ್ಟನೋ, ಕೊಂದನೋ? ಗೇಮ್ ಬರೆಯುವವರು ಉಳಿದದ್ದೆಲ್ಲ ತಾವೇ ಬರೆದುಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಆ ಕೊನೆಯ ಕ್ರಿಯಾಪದ ಮಾತ್ರ ನನ್ನ ಕೈಯಲ್ಲಿರಬೇಕು. ನಾನು ಗೇಮ್‌ಪ್ಲೇ ಅನ್ನುವುದು ಇದನ್ನೇ. ಗುಂಡು ಹಾರಿಸುವುದು, ಜಿಗಿಯುವುದು ಮಾತ್ರ ಅಲ್ಲ.

ಇದಕ್ಕೆ ನಾನು ಕಂಡ ಅತಿ ಒಳ್ಳೆಯ ಉದಾಹರಣೆ 2013ರ ಬ್ರದರ್ಸ್: ಎ ಟೇಲ್ ಆಫ್ ಟು ಸನ್ಸ್. ನಿರ್ದೇಶಕ ಜೋಸೆಫ್ ಫಾರೆಸ್, ಅದಕ್ಕೆ ಮೊದಲು ಸಿನಿಮಾ ಮಾಡುತ್ತಿದ್ದವರು. ಅಪ್ಪನಿಗೆ ಕಾಯಿಲೆ, ಅಣ್ಣತಮ್ಮ ಮದ್ದು ಹುಡುಕಿ ಹೊರಡುತ್ತಾರೆ. ಕಥೆ ಅಂದರೆ ಅಷ್ಟೇ, ಅಜ್ಜಿ ಕಥೆಯ ಹಾಗೆ. ಅವರು ಆಡುವ ಭಾಷೆ ಕೂಡ ನಮಗೆ ಅರ್ಥವಾಗುವುದಿಲ್ಲ. ವಿಶೇಷ ಇರುವುದು ಕಂಟ್ರೋಲರ್‌ನಲ್ಲಿ. ಎಡಗೈಯ ಸ್ಟಿಕ್ ಅಣ್ಣನದು, ಬಲಗೈಯದು ತಮ್ಮನದು. ಇಬ್ಬರನ್ನೂ ಒಟ್ಟಿಗೆ ನಡೆಸಬೇಕು. ಮೊದಲ ಅರ್ಧ ಗಂಟೆ ನನ್ನ ಕೈಗಳೇ ಜಗಳವಾಡಿದವು. ಅಣ್ಣ ಗೋಡೆಗೆ, ತಮ್ಮ ಬೇಲಿಗೆ. ಆಮೇಲೆ ಯಾವಾಗಲೋ ಹದ ಬಂತು. ಎರಡು ಕೈ ಎರಡು ಮಕ್ಕಳಾದವು.

ತಮ್ಮನಿಗೆ ನೀರೆಂದರೆ ಭಯ. ಅಮ್ಮ ನೀರಿನಲ್ಲಿ ಮುಳುಗಿ ಸತ್ತದ್ದನ್ನು ಅವನು ನೋಡಿದ್ದಾನೆ. ನದಿ ಬಂದಾಗಲೆಲ್ಲ ಅಣ್ಣನ ಬೆನ್ನು ಹಿಡಿದೇ ದಾಟುತ್ತಾನೆ. ಕೊನೆಯ ಹೊತ್ತಿಗೆ ಅಣ್ಣ ಸಾಯುತ್ತಾನೆ. ನನ್ನ ಎಡಗೈಗೆ ಕೆಲಸವೇ ಇಲ್ಲ. ಬಲಗೈ ಒಂದೇ ತಮ್ಮನನ್ನು ಮನೆಯ ಕಡೆ ನಡೆಸುತ್ತದೆ. ಮತ್ತೆ ನೀರು ಅಡ್ಡ ಬರುತ್ತದೆ. ತಮ್ಮನ ಬಟನ್ ಒತ್ತಿದೆ. ಅವನು ಇಳಿಯಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಎಷ್ಟೋ ಹೊತ್ತಾದ ಮೇಲೆ, ಸುಮ್ಮನಿದ್ದ ಎಡಗೈ ತಾನಾಗಿಯೇ ಅಣ್ಣನ ಬಟನ್ ಒತ್ತಿತು. ತಮ್ಮ ನೀರಿಗಿಳಿದು ಈಜಿದ.

ಇದನ್ನು ಇಲ್ಲಿ ಓದಿದ ನಿಮಗೆ ಏನಾಯಿತೋ ಅರ್ಥವಾಗಿರುತ್ತದೆ. ನನಗಾದದ್ದು ಅದಲ್ಲ. ಅಣ್ಣ ಇದ್ದದ್ದು ನನ್ನ ಎಡಗೈಯಲ್ಲಿ. ಅವನು ವಾಪಸ್ ಬಂದದ್ದೂ ಅಲ್ಲಿಯೇ. ಸಿನಿಮಾದಿಂದ ಬಂದ ಮನುಷ್ಯ ಇದನ್ನು ಸಿನಿಮಾದಲ್ಲಿ ಮಾಡಲು ಸಾಧ್ಯವೇ ಇರಲಿಲ್ಲ.

ಕಥೆ ಒಂದು ಕಡೆ, ಕೈ ಇನ್ನೊಂದು ಕಡೆ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆಗಳಿವೆ. ಅನ್‌ಚಾರ್ಟೆಡ್ ಸರಣಿಯ ನೇಥನ್ ಡ್ರೇಕ್ ಕಟ್‌ಸೀನ್‌ಗಳಲ್ಲಿ ತಮಾಷೆಯ, ಒಳ್ಳೆಯ ಹುಡುಗ. ಕಟ್‌ಸೀನ್ ಮುಗಿದ ಕೂಡಲೇ ನನ್ನ ಕೈಯಲ್ಲಿ ಅವನು ನೂರಾರು ಜನರನ್ನು ಗುಂಡಿಟ್ಟು ಕೊಲ್ಲುತ್ತಾನೆ. ಮತ್ತೆ ಬಂದು ಜೋಕ್ ಹೊಡೆಯುತ್ತಾನೆ. ಇಂಥ ಎಡವಟ್ಟಿಗೆ 2007ರಲ್ಲಿ ಗೇಮ್ ಡಿಸೈನರ್ ಕ್ಲಿಂಟ್ ಹಾಕಿಂಗ್ ಒಂದು ಹೆಸರಿಟ್ಟರು: ಲುಡೊನರೇಟಿವ್ ಡಿಸೊನೆನ್ಸ್, ಅಂದರೆ ಆಟಕ್ಕೂ ಕಥೆಗೂ ತಾಳೆಯಾಗದಿರುವುದು. ಅವರು ಬರೆದದ್ದು ಬಯೋಶಾಕ್ ಗೇಮಿನ ಬಗ್ಗೆ, ಆದರೆ ಆ ಹೆಸರು ಡ್ರೇಕ್‌ಗೇ ಜಾಸ್ತಿ ಅಂಟಿಕೊಂಡಿತು. ಅನ್‌ಚಾರ್ಟೆಡ್ ಮಾಡಿದವರಿಗೂ ಇದು ಗೊತ್ತಿತ್ತು. 2016ರ ಅನ್‌ಚಾರ್ಟೆಡ್ 4ರಲ್ಲಿ 1,000 ಶತ್ರುಗಳನ್ನು ಸೋಲಿಸಿದರೆ ಸಿಗುವ ಟ್ರೋಫಿಗೆ ಅದೇ ಹೆಸರಿಟ್ಟು ಕೈ ತೊಳೆದುಕೊಂಡರು. ಜಾಣರು. ಆಡಿದ್ದೇನೋ ಖುಷಿಯಿಂದಲೇ ಆಡಿದೆ. ಆದರೆ ಡ್ರೇಕ್‌ಗೆ ಏನಾಗುತ್ತದೋ ಅಂತ ಒಮ್ಮೆಯೂ ಅನಿಸಲಿಲ್ಲ.

ಇದಕ್ಕಿಂತ 1998ರ ಹಾಫ್-ಲೈಫ್ ನನಗೆ ಇಷ್ಟ. ಅದರಲ್ಲಿ ಕ್ಯಾಮೆರಾ ನಾಯಕನ ಕಣ್ಣು ಬಿಟ್ಟು ಕದಲುವುದಿಲ್ಲ. ವಿಜ್ಞಾನಿಗಳು ಗಂಭೀರವಾಗಿ ಏನೋ ವಿವರಿಸುತ್ತಿದ್ದರೆ ನಾನು ಅವರ ಸುತ್ತ ಕುಪ್ಪಳಿಸುತ್ತಾ ಇರಬಹುದು. ಶುರುವಿನಲ್ಲೇ ಒಂದು ಕೋಣೆಯಲ್ಲಿ ಮೈಕ್ರೋವೇವ್ ಇದೆ. ಅದರ ಬಟನ್ ಒತ್ತುತ್ತಲೇ ಇದ್ದರೆ ಯಾರದೋ ಊಟ ಒಳಗೇ ಸಿಡಿಯುತ್ತದೆ. ಕಥೆಗೂ ಅದಕ್ಕೂ ಸಂಬಂಧವಿಲ್ಲ, ಸುಮ್ನೆ ಕಿತಾಪತಿ. ಒಂಬತ್ತು ವರ್ಷ ಬಿಟ್ಟು, 2007ರಲ್ಲಿ, ಆ ಸರಣಿಯ ಇನ್ನೊಂದು ಭಾಗದಲ್ಲಿ ಒಬ್ಬ ವಿಜ್ಞಾನಿ ಸಿಗುತ್ತಾನೆ. ಅವತ್ತಿನ ಮೈಕ್ರೋವೇವ್ ವಿಷಯವನ್ನು ಇನ್ನೂ ಮನಸ್ಸಲ್ಲಿ ಇಟ್ಟುಕೊಂಡಿದ್ದಾನೆ! ಹಾಳು ಮಾಡಿದವನು ನಾನೇ ಅಂತ ಗೊತ್ತಿದ್ದ ನನಗೆ ಒಂದು ಕ್ಷಣ ನಿಜವಾಗಿ ನಾಚಿಕೆಯಾಯಿತು.

ನನ್ನ ವಾದಕ್ಕೆ ಒಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. 2019ರ ಡಿಸ್ಕೊ ಎಲಿಸಿಯಂ. ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿರುವ ಗೇಮ್. ಸಾಮಾನ್ಯ ಗೇಮ್‌ಗಳ ಕಾದಾಟ ಇದರಲ್ಲಿಲ್ಲ. ಓದುವುದು, ಉತ್ತರ ಆರಿಸುವುದು, ಮತ್ತೆ ಓದುವುದು. ನಾನು ಗೇಮ್‌ಪ್ಲೇ ಪಕ್ಷ ಅಂತ ಬೀಗುವವನು ಇದನ್ನು ನಿದ್ದೆಗೆಟ್ಟು ಆಡಿದೆ. ಗೆಳೆಯರು ಇದನ್ನೇ ಎತ್ತಿ ಕಾಲೆಳೆಯುತ್ತಾರೆ. ನನ್ನ ಸಮರ್ಥನೆ ಏನೆಂದರೆ, ಅಲ್ಲಿ ಎಷ್ಟೋ ಮುಖ್ಯ ಮಾತುಗಳ ಹಿಂದೆ ಎರಡು ದಾಳಗಳು ಉರುಳುತ್ತವೆ. ನಾಯಕ ಕುಡಿದು ಎದ್ದ ಪೊಲೀಸ್. ಅವನ ಟೈ ಫ್ಯಾನಿಗೆ ಸಿಕ್ಕಿಕೊಂಡು ತಿರುಗುತ್ತಿದೆ. ದೇಹದಲ್ಲಿ ಕಸುವಿಲ್ಲದ ಹಾಗೆ ಪಾತ್ರವನ್ನು ಕಟ್ಟಿಕೊಂಡಿದ್ದರೆ, ಆ ಟೈ ಎಳೆಯಲು ಹೋಗಿಯೇ ಹೃದಯ ನಿಂತು ಸಾಯಬಹುದು. ಗೇಮ್ ಶುರುವಾಗಿ ಎರಡು ನಿಮಿಷ ಆಗಿರುವುದಿಲ್ಲ! ನಾನು ಸತ್ತೆ. ಅದು ನನ್ನದೇ ತಪ್ಪು, ಬರೆದವರದಲ್ಲ. ಆದರೂ ಒಪ್ಪಿಕೊಳ್ಳುತ್ತೇನೆ, ಅದರ ಎಷ್ಟೋ ಪುಟಗಳನ್ನು ದಾಳವಿಲ್ಲದೆ ಕೊಟ್ಟಿದ್ದರೂ ಓದುತ್ತಿದ್ದೆ.

ಕೊನೆಗೆ, ಸುಮ್ನೆ ಬಟನ್ ಒತ್ತುತ್ತೀಯಾ ಅಂತ ಕೇಳಿದ್ದು ನನ್ನ ಅಕ್ಕ. ಅವಳಿಗೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಪೇಪರ್ಸ್, ಪ್ಲೀಸ್ ಹಾಕಿಕೊಟ್ಟು ಪಕ್ಕದಲ್ಲಿ ಕೂತೆ. ಲೂಕಸ್ ಪೋಪ್ ಎಂಬುವರು 2013ರಲ್ಲಿ ಹೊರತಂದ ಗೇಮ್. ಆರ್ಸ್ಟೊಟ್ಸ್ಕಾ ಎಂಬ ಕಲ್ಪನೆಯ ದೇಶದ ಗಡಿಯಲ್ಲಿ ನಾವು ಗುಮಾಸ್ತ. ಪಾಸ್‌ಪೋರ್ಟ್ ನೋಡಬೇಕು, ಹಸಿರು ಸೀಲೋ ಕೆಂಪು ಸೀಲೋ ಒತ್ತಬೇಕು. ತಪಾಸಣೆ ಮಾಡಿದ ಒಬ್ಬೊಬ್ಬರಿಗೆ 5 ಕ್ರೆಡಿಟ್ (ಅಲ್ಲಿನ ಹಣ) ಲೆಕ್ಕದಲ್ಲಿ ಸಂಬಳ. ಅದರಲ್ಲೇ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು, ಔಷಧ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ. ಮೂರನೆಯದಕ್ಕೆ ದಂಡ.

"ಇದೇನು ಆಟನೋ, ಆಫೀಸ್ ಕೆಲಸ!" ಅಂದಳು. ಆದರೂ ಆಡಿದಳು. ಗೇಮಿನ ಐದನೆಯ ದಿನ ಒಬ್ಬ ಮನುಷ್ಯ ಬಂದ, ಕಾಗದ ಎಲ್ಲ ಸರಿಯಿತ್ತು. ಹಿಂದೆ ನನ್ನ ಹೆಂಡತಿ ಬರುತ್ತಾಳೆ, ಸ್ವಲ್ಪ ದಯೆ ಇರಲಿ ಅಂದು ಒಳಗೆ ಹೋದ. ಹೆಂಡತಿ ಬಂದಳು. ಅವಳ ಹತ್ತಿರ ಪರ್ಮಿಟ್ ಇಲ್ಲ. ವಾಪಸ್ ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ ಅನ್ನುತ್ತಾಳೆ. ಅಕ್ಕ ಅಷ್ಟರಲ್ಲಿ ಎರಡು ತಪ್ಪು ಮಾಡಿ ಆಗಿತ್ತು. ಎರಡೂ ತಾರೀಖು ಸರಿಯಾಗಿ ನೋಡದೆ ಆದ ತಪ್ಪು. ಗುಮಾಸ್ತನ ಮನೆಯಲ್ಲಿ ಹುಡುಗನಿಗೆ ಹುಷಾರಿರಲಿಲ್ಲ, ಕೈಯಲ್ಲಿ ಕಾಸು ಇರಲಿಲ್ಲ. ಸುಮಾರು ಹೊತ್ತು ಸೀಲುಗಳ ಮೇಲೆ ಮೌಸ್ ಅತ್ತಿತ್ತ ಆಡಿತು. ಆಮೇಲೆ ಕೆಂಪು ಸೀಲ್ ಒತ್ತಿದಳು. ಏನೂ ಮಾತಾಡದೆ ಮುಂದಿನವರನ್ನು ಕರೆದಳು.

ಮರುದಿನ ಮಧ್ಯಾಹ್ನ ಫೋನ್ ಬಂತು. ಹಲೋ ಕೂಡ ಇಲ್ಲ.

"ಆ ಎರಡನೇ ಪಾಸ್‌ಪೋರ್ಟಿನ ತಾರೀಖು ಸರಿಯಾಗಿ ನೋಡಿದ್ದಿದ್ರೆ, ಅವಳನ್ನ ಒಳಗೆ ಬಿಡಬಹುದಿತ್ತು ಅಲ್ವೇನೋ?"